ಬ್ಯಾರನ್ನಿನಲ್ಲಿ ಉಕ್ಕಿದ ಹಾಲು

ಮೊನ್ನೆ ಬೆಳಿಗ್ಗೆ ಸೊಸೆ, "ಅತ್ತೆ, ಕಾರ್ ಷೆಡ್ಡಲ್ಲಿ ಹಾಲುಕ್ಕಿಸೋಣ್ವಾ?" ಅಂದಳು. ಅಲ್ಲಿ ಹೊಲಿಗೆ ಅಂಗಡಿ ಇಡುತ್ತಿದ್ದಾಳೆ. "ಷೆಡ್ಡಿಗೆ ಯಾರಾದ್ರೂ ಹಾಲುಕ್ಕಿಸ್ತಾರೇನೇ?" ಅಂತ ನಕ್ಕುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಮಾತಿನ ಭರದಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಬಂತು ನೋಡಿ, ನನಗೆ ನಿಂಗಣ್ಣ ನೆನಪಾದ.

ನಿಂಗಣ್ಣ ಯಾರು ಅಂತೀರಾ? ನಮ್ಮಜ್ಜಿಯ ತವರೂರಿನವನು, ಹುಣಸೂರು ಕಡೆ ಹೊಗೆಸೊಪ್ಪು ಬೆಳೆಯುತ್ತಿದ್ದ. ಐವತ್ತರ ದಶಕದ ಮಾತು. ಆಗ ನಾವಿದ್ದದ್ದು ಇದೇ ಚಾಮರಾಜಪೇಟೆಯ ಮನೆಯಲ್ಲಿ. ಅಜ್ಜಿಗೆ ನಶ್ಯದ ಚಟ. ಮಡಿ ಉಟ್ಟರೂ ನಶ್ಯದ ಡಬ್ಬಿ ಸೊಂಟದಲ್ಲೇ. ಅಪ್ಪ ಬೆಳೆಗಾರರಿಗೆ ಸರ್ಕಾರದ ಸಹಾಯಧನ ಕೊಡುವ ಕಚೇರಿಯಲ್ಲಿ ಗುಮಾಸ್ತ. ಕಾಯಿದೆ ಅಂದರೆ ಅಪ್ಪನಿಗೆ ದೇವರಿಗಿಂತ ಒಂದು ಕೈ ಜಾಸ್ತಿ.

ಒಂದು ದಿನ ನಿಂಗಣ್ಣ ಬಂದು ನಮ್ಮ ಜಗಲಿ ಮೇಲೆ ಕುಸಿದು ಕೂತ. ಎಲೆ ಒಣಗಿಸೋಕೆ ಬ್ಯಾರನ್ ಕಟ್ಟಿದವರಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಇವನೂ ಕಟ್ಟಿದ್ದ: ಎತ್ತರದ ಗೋಡೆ, ಹೆಂಚಿನ ಸೂರು, ಒಂದೇ ಬಾಗಿಲು. ಒಳಗೆ ಬಿಸಿ ಹಾಯಿಸೋ ಕೊಳವೆಗಳನ್ನು ಆ ದುಡ್ಡಲ್ಲೇ ತರಬೇಕಿತ್ತು. ಅವನ ಹಟ್ಟಿಯಲ್ಲಿ ಹೆಂಚು ಕಂಡ ಮೊದಲ ಕಟ್ಟಡ ಅದು, ಪಾಪ. ಹೆಂಡತಿ ಬಿಡ್ತಾಳಾ? ತೋರಣ ಕಟ್ಟಿ, ನಟ್ಟನಡುವೆ ಮೂರು ಕಲ್ಲಿಟ್ಟು ಹಾಲುಕ್ಕಿಸಿ, ನೆಂಟರಿಗೆಲ್ಲ ಪಾಯಸ ಬಡಿಸಿದಳು. ತನಿಖೆಯ ಸಾಹೇಬರು ಬಂದದ್ದು ಅದೇ ಹೊತ್ತಿಗೆ! ಪಾಯಸ ಉಂಡು, ಕೈ ತೊಳೆದು, "ಇದು ಬ್ಯಾರನ್ ಅಲ್ಲ, ವಾಸದ ಮನೆ" ಅಂತ ಬರೆದು ಹೋದರು. ಸಹಾಯಧನ ನಿಂತುಹೋಯಿತು.

"ಎಲೆ ಹಣ್ಣಾಗ್ತಾ ಐತೆ ಸ್ವಾಮಿ. ಕೊಳವೆ ಇಲ್ದೆ ಒಣಗ್ಸೋದೆಂಗೆ? ವರ್ಷದ ದುಡಿಮೆ ಹೊಲದಲ್ಲೇ ಕೊಳೀತದೆ," ಅಂದ.

"ರಿಪೋರ್ಟ್ ಬಂದ್ಮೇಲೆ ನನ್ನ ಕೈಲೇನಿದೆಯಪ್ಪಾ?" ಅಂದರು ಅಪ್ಪ.

ಅಜ್ಜಿ ಒಂದು ಚಿಟಿಕೆ ನಶ್ಯ ಏರಿಸಿ, ಮನೆ ನಡುಗುವ ಹಾಗೆ ಸೀನಿ, "ಅಲ್ವೋ," ಅಂದಳು, "ಆಯುಧಪೂಜೆ ದಿನ ನಿಮ್ಮಾಫೀಸಲ್ಲಿ ಟೈಪ್‌ರೈಟರಿಗೆ ಹಾರ ಹಾಕಿ ಮಂಗಳಾರತಿ ಎತ್ತುತೀರಲ್ಲ, ಮಾರನೇ ದಿನದಿಂದ ಅದರಲ್ಲಿ ಟೈಪ್ ಹೊಡೆಯಲ್ವೋ? ಕಿಟಕಿ ಇಲ್ಲದ ಗೂಡಲ್ಲಿ ಯಾರೋ ಸಂಸಾರ ಮಾಡ್ತಾರೆ?"

ಮರುದಿನ, ಸಾಹೇಬರೆದುರು ಕೆಮ್ಮೋಕೂ ಹೆದರುವ ನಮ್ಮಪ್ಪ, ಅಜ್ಜಿಯ ಮಾತನ್ನು ಹಾಗೇ ದೊಡ್ಡ ಸಾಹೇಬರ ಮುಂದೆ ಒಪ್ಪಿಸಿದರಂತೆ. ಅವರು ಹೊಟ್ಟೆ ಹಿಡಿದು ನಕ್ಕು, "ಇನ್ನೊಂದ್ಸಲ ನೋಡ್ಕೊಂಡು ಬನ್ನಿ, ಈ ಸಲ ಪಾಯಸ ತಿನ್ನಬೇಡಿ" ಅಂತ ಬೇರೆಯವರನ್ನು ಕಳಿಸಿದರು.

ಕೆಲವು ವಾರ ಕಳೆದು ನಿಂಗಣ್ಣ ಮತ್ತೆ ಬಂದ. ಕೈಯಲ್ಲಿ ಅರಿಶಿನದ ಬಣ್ಣಕ್ಕೆ ತಿರುಗಿದ್ದ ಎಲೆಯ ಕಟ್ಟು. "ದುಡ್ಡು ಬಂತು, ಬ್ಯಾರನ್ ಒಲೆ ಹೊತ್ತಿತು ಅವ್ವಾ," ಅಂತ ಅದನ್ನು ಅಜ್ಜಿಯ ಮುಂದಿಟ್ಟ. ಅಜ್ಜಿ ಕಟ್ಟನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಅವತ್ತು ಅಪ್ಪ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡರು. ನನಗೆ ಆ ದಿನದ ಖುಷಿ ಈಗಲೂ ಹಾಗೇ ಇದೆ.

ಇಷ್ಟೆಲ್ಲ ನೆನಪಿಟ್ಟುಕೊಂಡ ನಾನೇ ಮೊನ್ನೆ ಪಾಯಸ ಉಂಡ ಸಾಹೇಬರ ಹಾಗೆ ಮಾತಾಡಿದ್ದೆ ನೋಡಿ! ಒಲೆ ಒರೆಸಿ, ಪಾತ್ರೆ ಬೆಳಗಿ, ಹೊಸ ಹಾಲು ತರಿಸಿದೆ. "ಬಾರೇ, ಮಾವಿನೆಲೆ ಕಟ್ಟು" ಅಂತ ಸೊಸೆಯನ್ನು ಕೂಗಿದೆ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಹಾಲು ಉಕ್ಕುವಾಗ ಅವಳು ಚಪ್ಪಾಳೆ ತಟ್ಟಿದಳು. ಯಾರಾದರೂ ಬಂದು ಇದೇನು ಷೆಡ್ಡಾ ಅಂದರೆ, "ಅಲ್ಲ, ನನ್ನ ಸೊಸೆಯ ಅಂಗಡಿ" ಅನ್ನೋಕೆ ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ.