ಮೊಲದ ಟ್ರೇಗೆ ಹಾಕುವುದೇನು?

ನಮ್ಮ ಮೇಲಿನ ಮಹಡಿಯ ಸೂಜಿ ಅಕ್ಕನ ವಿಷಯ ಹೇಳಬೇಕಾದರೆ ಅವಳ ಅಣ್ಣನ ಮೂಗಿನಿಂದಲೇ ಶುರು ಮಾಡಬೇಕು. ಆ ಮನೆಯಲ್ಲಿ ಎಲ್ಲವೂ ಅಲ್ಲಿಂದಲೇ ಶುರುವಾಗುತ್ತಿತ್ತು.

ಅಣ್ಣನಿಗೆ ಸೋಪಿನ ಕಾರ್ಖಾನೆಯಲ್ಲಿ ವಾಸನೆ ನೋಡುವ ಕೆಲಸ. ಸೋಪನ್ನು ಬಿಲ್ಲೆಯಾಗಿ ಕತ್ತರಿಸುವ ಮೊದಲು ಒಂದು ಚೂರನ್ನು ಅವರ ಮುಂದೆ ಇಡುತ್ತಾರೆ. ಅವರು ಕಣ್ಣು ಮುಚ್ಚಿ ಮೂಸಿ, ಪಾಸು ಇಲ್ಲವೇ ಫೇಲು ಅನ್ನುತ್ತಾರೆ. ಇಷ್ಟಕ್ಕೇ ಸಂಬಳ ಕೊಡುತ್ತಾರೆಂದು ತಿಳಿದಾಗ ನನಗೆ ನನ್ನ ಮೂಗಿನ ಮೇಲೆ ಬೇಸರ ಬಂದಿತ್ತು. ಮನೆಯಲ್ಲೂ ಅದೇ ದರ್ಬಾರು. ಟವೆಲ್ಲು, ತರಕಾರಿ, ನೆಂಟರು, ಎಲ್ಲರೂ ಎಲ್ಲವೂ ಮೂಗಣ್ಣನ ಮುಂದೆ ಹಾದುಹೋಗಬೇಕು. ಒಮ್ಮೆ ನನ್ನ ಹಾಸ್ಯಲೇಖನ ಅಚ್ಚಾದ ಪತ್ರಿಕೆಯನ್ನು ಕೊಟ್ಟಾಗ ಅವರು ಅದನ್ನು ಓದಲಿಲ್ಲ, ಮೂಸಿದರು. "ಸ್ವಲ್ಪ ಹಳಸಲು" ಎಂದರು. ಶಾಯಿಯ ಬಗ್ಗೆ ಹೇಳಿದರೆಂದು ಇವತ್ತಿಗೂ ನಂಬಿಕೊಂಡಿದ್ದೇನೆ.

ಸೂಜಿ ಅಕ್ಕ ಅವರ ತಂಗಿ. ಮದುವೆಯಾಗಲಿಲ್ಲ. ಹರಿದ ಕೋಟು, ಸುಟ್ಟ ಸೀರೆ, ಇಲಿ ಕಡಿದ ಶಾಲು, ಏನೇ ತಂದುಕೊಟ್ಟರೂ ಹರಿದದ್ದು ಎಲ್ಲಿ ಎಂದು ಹುಡುಕಿದರೂ ಸಿಗದಂತೆ ನೂಲು ಹೆಣೆದು ಕೊಡುತ್ತಾಳೆ. ಅಡಿಗೆಮನೆಯ ಪಕ್ಕದ ಕಿರುಕೋಣೆ ಅವಳದು. ಕಿಟಕಿಯ ಕೆಳಗೆ ಹೊಲಿಗೆಯ ಮೇಜು, ಮೇಜಿನ ಕೆಳಗೆ ಅವಳ ಟ್ರಂಕು. ನಡುವಿನ ಜಾಗದಲ್ಲಿ ಅವಳು. ಆ ಮನೆಯಲ್ಲಿ ಅವಳ ಮಾತು ನಡೆದದ್ದನ್ನು ನಾನು ಕಂಡಿರಲಿಲ್ಲ. ಅವಳು ಮಾತಾಡಿದ್ದನ್ನೇ ಅಪರೂಪಕ್ಕೆ ಕಂಡಿದ್ದೆ.

ಊರು ಬಿಟ್ಟು ಹೊರಟ ಗಿರಾಕಿಯೊಬ್ಬಳು ತನ್ನ ಎರಡು ಮೊಲಗಳನ್ನು ಅವಳ ಕೈಗೆ ದಾಟಿಸಿ ಹೋದಳು. ಒಂದು ಬಿಳಿಯ, ಇನ್ನೊಂದು ಕಂದು ಬಣ್ಣದ ಗುಂಡ. ಮೂಗಣ್ಣ ಪಂಜರದ ಸುತ್ತ ಒಂದು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟರು: ಇರಲಿ, ಆದರೆ ತಮ್ಮ ಮೂಗಿಗೆ ವಾಸನೆ ಬಡಿದ ದಿನ ಅವು ಮನೆಯಲ್ಲಿರಬಾರದು. ಅತ್ತಿಗೆ ಗಂಡನ ಮಾತಿಗೆ ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು.

ಮೊಲ ಬಲು ಶಿಸ್ತಿನ ಪ್ರಾಣಿ. ಮೂಲೆಯಲ್ಲಿ ಟ್ರೇ ಇಟ್ಟರೆ ಅಲ್ಲೇ ಕೂತು ಮುಗಿಸುತ್ತದೆ, ನಮ್ಮ ಬೀದಿಯ ಎಷ್ಟೋ ಗಂಡಸರಿಗಿಂತ ವಾಸಿ. ತೊಂದರೆಯೆಲ್ಲ ಟ್ರೇಗೆ ಏನು ಹಾಕಬೇಕೆನ್ನುವುದರಲ್ಲಿದೆ. ಸೂಜಿ ಅಕ್ಕ ಮೊದಲು ಹಳೆಯ ಪತ್ರಿಕೆ ಹಾಸಿದಳು. ಅದು ಸರಿಯಾಗಿ ಹೀರದೆ ತೊಪ್ಪೆಯಾಗಿ ಗಬ್ಬೆದ್ದು ಹೋಯಿತು. ಮರಳು ಹಾಕಿದರೆ ಪಾದಕ್ಕೆ ಮೆತ್ತಿಕೊಂಡು ಮನೆಯೆಲ್ಲ ಹರಡಿತು. ಬೆಕ್ಕಿಗೆ ಹಾಕುವ ಜೇಡಿಮಣ್ಣಿನ ಹರಳು ಕೇಳಿದಾಗ ಅಂಗಡಿಯವನೇ ಬೇಡವೆಂದ. ಒದ್ದೆಯಾದರೆ ಅದು ಮುದ್ದೆಗಟ್ಟುತ್ತದಂತೆ. ಬೆಕ್ಕು ಅದನ್ನು ತಿನ್ನುವುದಿಲ್ಲ, ಮೊಲ ಎಲ್ಲವನ್ನೂ ಕಡಿದು ನೋಡುತ್ತದೆ, ಆಮೇಲೆ ಹೊಟ್ಟೆಯಲ್ಲೇ ಮುದ್ದೆ. ಕೊನೆಗೆ ಅವಳು ಹಳೆ ಕಾಗದವನ್ನು ಅರೆದು ಒಣಗಿಸಿ ಮಾಡಿದ ಗುಳಿಗೆಗಳನ್ನು ತಂದು ಸುರಿದು, ಮೇಲೆ ಒಂದು ಹಿಡಿ ಒಣಹುಲ್ಲು ಹರಡಿದಳು. ಮೊಲಗಳು ಟ್ರೇಯಲ್ಲಿ ಕೂತು ಒಂದು ಕಡೆಯಿಂದ ಹುಲ್ಲು ತಿನ್ನುತ್ತಾ ಇನ್ನೊಂದು ಕಡೆಯಿಂದ ಕೆಲಸ ಮುಗಿಸಿದವು. ನಾನು ಬಗ್ಗಿ ಮೂಸಿ ನೋಡಿದೆ. ಒಣಹುಲ್ಲಿನ ವಾಸನೆ, ಅಷ್ಟೇ. ಆದರೆ ನನ್ನ ಮೂಗಿಗೆ ಯಾರು ಸಂಬಳ ಕೊಡುತ್ತಾರೆ?

ಮೂಗಣ್ಣ ದಿನಾ ಸಂಜೆ ಕಾರ್ಖಾನೆಯಿಂದ ಬಂದು ಬಾಗಿಲಲ್ಲೇ ನಿಂತು ಉಸಿರೆಳೆದು ಮುಖ ಕಿವುಚತೊಡಗಿದರು. ನಾರುತ್ತಿದೆ ಎಂದರು. ಅವಳು ಬೆಳಿಗ್ಗೆ ಬದಲಿಸುತ್ತಿದ್ದುದನ್ನು ಸಂಜೆಯೂ ಬದಲಿಸಿದಳು. ಆದರೂ ನಾರುತ್ತಿದೆ ಎಂದರು. ಪಂಜರವನ್ನು ಬಾಲ್ಕನಿಗೆ ಸಾಗಿಸಿದಳು. ಈಗ ಗಾಳಿಯಲ್ಲಿ ನಾರುತ್ತಿದೆ ಎಂದರು. ಊಟದ ಹೊತ್ತಿಗೆ ಅವಳ ಸೆರಗನ್ನೇ ಹಿಡಿದು ಮೂಸಿ, "ನಿನ್ನ ಮೈಗೂ ಹತ್ತಿದೆ. ದೂರ ಕೂತ್ಕೋ" ಎಂದದ್ದು ನನಗೆ ಕೆಳಗೆ ಕೇಳಿಸಿತು. ಅವಳು ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳಂತೆ.

ಆಮೇಲೆ ಒಂದು ದಿನ ಅವರು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದರು. ಉಡುಗೊರೆ ಸೋಪಿನ ಡಬ್ಬಿಗಳಲ್ಲಿ ತುಂಬುವ ಪೈನ್ ಮರದ ತೆಳು ಸುರುಳಿಗಳು. ಮೂಟೆ ಬಿಚ್ಚಿದರೆ ಮೆಟ್ಟಿಲವರೆಗೂ ಘಮ. ಇನ್ನು ಮೇಲೆ ಟ್ರೇಗೆ ಇದೇ, ಬೇರೆ ಏನೂ ಕೂಡದು ಎಂದರು. ಮನುಷ್ಯರಿಗೆಲ್ಲ ಬಹಳ ಹಿಡಿಸಿತು. ಅತ್ತಿಗೆ ಹೊಗಳಿದಳು, ನಾನೂ ಹೊಗಳಿದೆ. ಮೊಲಗಳು ಮಾತ್ರ ಸೀನತೊಡಗಿದವು. ಬಿಳಿಯನ ಕಣ್ಣಲ್ಲಿ ನೀರು, ಆಮೇಲೆ ಮೂಗಲ್ಲೂ ನೀರು. ಪಶುವೈದ್ಯರು ನೋಡಿ, ಆ ಘಮವೇ ವಿಷ, ಶ್ವಾಸಕೋಶಕ್ಕೂ ಪಿತ್ತಜನಕಾಂಗಕ್ಕೂ ಒಳ್ಳೆಯದಲ್ಲ, ಇವತ್ತೇ ತೆಗೆಯಿರಿ ಎಂದರು. ಅವಳು ಬಂದು ಅಣ್ಣನಿಗೆ ಹೇಳಿದಳು.

"ತೆಗಿ," ಎಂದರು ಮೂಗಣ್ಣ. "ಜೊತೆಗೆ ಮೊಲಾನೂ ತೆಗಿ. ಕ್ಯಾಂಟೀನಿನ ಅಡಿಗೆಯವನು ಯಾವತ್ತಿಂದಲೂ ಕೇಳ್ತಿದ್ದಾನೆ."

ಅಡಿಗೆಯವನು ಮೊಲ ಸಾಕುವವನಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸುರುಳಿಗಳು ಟ್ರೇಯಲ್ಲೇ ಉಳಿದವು. ಬಿಳಿಯ ಮೊದಲು ಹುಲ್ಲು ಬಿಟ್ಟ, ನೀರು ಬಿಟ್ಟ, ಒಂದು ಬೆಳಿಗ್ಗೆ ಆ ಘಮಘಮದ ಮೇಲೆ ಕಾಲು ಚಾಚಿ ಸೆಟೆದಿದ್ದ. ಅವಳು ಅವನನ್ನು ಹಳೇ ಶಾಲಿನಲ್ಲಿ ಸುತ್ತಿಕೊಂಡು ಕೂತಿದ್ದಾಗ ಅಣ್ಣ ಬೂಟಿನ ದಾರ ಕಟ್ಟುತ್ತಾ, ಬೇಗ ಹೂತುಬಿಡು, ಬಿಸಿಲೇರಿದರೆ ವಾಸನೆ ಬರುತ್ತೆ ಎಂದು ಹೇಳಿ ಕೆಲಸಕ್ಕೆ ಹೋದರು. ಮುಂದಿನ ಸೋಮವಾರ ಅಡಿಗೆಯವನು ಬರುತ್ತಾನೆ, ಇನ್ನೊಂದನ್ನು ಕೊಟ್ಟು ಕಳಿಸು ಎಂದೂ ಹೇಳಿದರು.

ಹಿತ್ತಿಲಲ್ಲಿ ಗುಂಡಿ ತೋಡಿಕೊಟ್ಟವನು ನಾನೇ. ಅದರಲ್ಲೂ ಅರ್ಧಕ್ಕೆ ಸೊಂಟ ಹಿಡಿದುಕೊಂಡು ನಿಂತೆ. ಮಿಕ್ಕದ್ದನ್ನು ಅವಳೇ ತೋಡಿದಳು. ಮೇಲೆ ಹೋದವಳು ಸುರುಳಿಗಳನ್ನೆಲ್ಲ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿ, ಕರಿ ಫಿನಾಯಿಲ್ ಸುರಿದು ಬಾಲ್ಕನಿ ತೊಳೆದು, ಗುಂಡನ ಟ್ರೇಗೆ ಮತ್ತೆ ಕಾಗದದ ಗುಳಿಗೆ ಸುರಿದಳು. ಸಂಜೆ ಬೈಗುಳ ಗ್ಯಾರಂಟಿ ಎಂದು ನಾನೂ ಜೊತೆಗೆ ಕೂತಿದ್ದೆ. ಮೂಗಣ್ಣ ಬಂದರು, ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು.

"ನೋಡು, ಪೈನ್ ಮರದ ಘಮ ಅಂದ್ರೆ ಇದು. ಮನೆ ಮನೆ ಥರ ಇದೆ ಈಗ."

ಮನೆಯಲ್ಲಿ ಪೈನಿನ ಒಂದು ಚೂರೂ ಇರಲಿಲ್ಲ. ಫಿನಾಯಿಲ್ ಮೂಗಿಗೆ ರಾಚುತ್ತಿತ್ತು. ಸೂಜಿ ಅಕ್ಕ ದಾರ ಪೋಣಿಸುತ್ತಿದ್ದವಳು ತಲೆ ಎತ್ತಿ ಅಣ್ಣನನ್ನು ನೋಡಿದಳು. ನನಗೆ ಆಗ ಏನೂ ಹೊಳೆಯಲಿಲ್ಲ. ಹೊಳೆಯುವುದು ನನ್ನ ಕಸುಬಲ್ಲ.

ಹಿಂದಿನ ಚಳಿಗಾಲದ ಜ್ವರದಲ್ಲೇ ಆ ಮೂಗು ಸತ್ತಿತ್ತೆಂದು ಆಮೇಲೆ ತಿಳಿಯಿತು. ಹೆಂಡತಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಎದುರಿಗಿದ್ದವರ ಮುಖ ನೋಡಿ ಪಾಸು ಮಾಡುತ್ತಿದ್ದರಂತೆ. ಅನುಮಾನ ಬಾರದಿರಲೆಂದು ನಡುನಡುವೆ ಒಂದನ್ನು ಫೇಲು ಮಾಡುತ್ತಿದ್ದರಂತೆ. ಮನೆಯಲ್ಲಿ ಮೊಲ ಇತ್ತು. ಮೊಲ ಇದ್ದ ಮೇಲೆ ನಾರಲೇಬೇಕಲ್ಲ? ದಿನಾ ಬಂದು ನಾರುತ್ತಿದೆ ಎನ್ನುವುದರಷ್ಟು ಸುರಕ್ಷಿತವಾದ ಮಾತು ಅವರಿಗೆ ಬೇರೆ ಸಿಕ್ಕಿರಲಿಲ್ಲ.

ಆ ಭಾನುವಾರ ಕಾರ್ಖಾನೆಯ ಮ್ಯಾನೇಜರ್ ಗಂಡಹೆಂಡಿರು ಚಹಾಕ್ಕೆ ಬರುವವರಿದ್ದರು. ಮೂಗಣ್ಣನನ್ನು ಪರಿಮಳ ವಿಭಾಗಕ್ಕೆ ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿತ್ತು. ನಗಿಸುವುದಕ್ಕೆಂದು ನನ್ನನ್ನೂ ಕರೆದಿದ್ದರು. ಅದಕ್ಕಿಂತ ಹೆಚ್ಚಾಗಿ ನನ್ನ ಮನೆಯ ಕುರ್ಚಿಗಳು ಬೇಕಿದ್ದವು. ಕುರ್ಚಿ ಹೊತ್ತು ಮೇಲೆ ಹೋದಾಗ ಬಾಲ್ಕನಿಯಲ್ಲಿ ಗುಂಡನ ಟ್ರೇ ನೋಡಿದೆ. ಗುಳಿಗೆ ಇರಲಿಲ್ಲ, ಹುಲ್ಲು ಇರಲಿಲ್ಲ. ಬರೀ ಹಳೆಯ ಪತ್ರಿಕೆ. ಬದಲಿಸಿ ಎಷ್ಟೋ ದಿನವಾಗಿತ್ತು. ಗುಳಿಗೆ ಮುಗಿದುಹೋಯಿತಾ ಎಂದು ಕೇಳಿದೆ. ಇದೆ, ಆದರೆ ಇದು ಗುಂಡನಿಗಲ್ಲ ಎಂದಳು.

ಎಲ್ಲರೂ ಬಾಗಿಲಲ್ಲಿ ನಮಸ್ಕಾರ ಹೇಳುತ್ತಿದ್ದಾಗ ಅವಳು ಆ ಟ್ರೇಯನ್ನು ಬಟ್ಟೆ ಮುಚ್ಚಿಕೊಂಡು ತಂದು ಅಣ್ಣನ ದೊಡ್ಡ ಕುರ್ಚಿಯ ಕೆಳಗೆ ತಳ್ಳಿ, ಬಟ್ಟೆ ಮಾತ್ರ ಎಳೆದುಕೊಂಡಳು. ಕುರ್ಚಿಯ ಹೊದಿಕೆ ನೆಲದವರೆಗೂ ಇಳಿಬಿದ್ದಿತ್ತು. ಮೂಗಣ್ಣ ಬಂದು ಅದರ ಮೇಲೆಯೇ ವಿರಾಜಮಾನರಾದರು.

ಮ್ಯಾನೇಜರ್ ಮಾತು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಅವರ ಹೆಂಡತಿ ಕರವಸ್ತ್ರ ತೆಗೆದಳು. ನನಗೆ ಕಣ್ಣು ಉರಿಯಿತು. ಚಹಾ ತಂದ ಅತ್ತಿಗೆ ಹೊಸ್ತಿಲಲ್ಲೇ ನಿಂತು ನಾದಿನಿಯ ಮುಖ ನೋಡಿದಳು, ನಾದಿನಿ ಬಿಸ್ಕತ್ತಿನ ತಟ್ಟೆ ಮುಂದೆ ಚಾಚಿದಳು. ಮೂಗಣ್ಣ ಒಬ್ಬರೇ, ತಮ್ಮ ಮೂಗಿನಲ್ಲಿ ಕಾರ್ಖಾನೆ ಹೇಗೆ ನಿಂತಿದೆ ಎಂದು ವಿವರಿಸುತ್ತಿದ್ದರು.

"ಏನೋ ವಾಸನೆ ಬರ್ತಿದೆಯಲ್ಲ?" ಎಂದರು ಮ್ಯಾನೇಜರ್, ಮೆಲ್ಲಗೆ.

ಮೂಗಣ್ಣ ಆ ಮುಖವನ್ನು ಓದಲು ನೋಡಿದರು. ಪಾಸೋ ಫೇಲೋ ತಿಳಿಯಲಿಲ್ಲವೆಂದು ಕಾಣುತ್ತದೆ. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು ನಕ್ಕರು.

"ಪೈನ್, ಸರ್. ನಮ್ಮ ಕಾರ್ಖಾನೆದೇ. ಮನೆ ತುಂಬ ಅದೇ ಘಮ."

ಸೂಜಿ ಅಕ್ಕ ಬಗ್ಗಿ, ಹೊದಿಕೆ ಎತ್ತಿ, ಟ್ರೇಯನ್ನು ಎಲ್ಲರ ನಡುವೆ ಎಳೆದಿಟ್ಟಳು.

ಅಷ್ಟು ಹಾಸ್ಯ ಬರೆದವನು ನಾನು, ಒಂದು ಜೋಕೂ ನೆನಪಾಗಲಿಲ್ಲ. ಮ್ಯಾನೇಜರ್ ಎದ್ದು ನಿಂತರು. ಹೋಗುವ ಮುಂಚೆ ಮೂಗಣ್ಣನ ಭುಜ ತಟ್ಟಿ, ನಾಳೆ ಆಫೀಸಿನಲ್ಲಿ ಮಾತಾಡೋಣ, ನೇರ ನನ್ನ ರೂಮಿಗೇ ಬನ್ನಿ ಎಂದರು. ಆ ತಟ್ಟುವಿಕೆ ಬಹಳ ಮೃದುವಾಗಿತ್ತು. ಅದನ್ನು ನೋಡಿ ನನಗೇ ಭಯವಾಯಿತು.

ಮರುದಿನ ಬೆಳಿಗ್ಗೆ ಕುರ್ಚಿಗಳನ್ನು ವಾಪಸು ತರಲು ಹೋದೆ. ಮೂಗಣ್ಣ ಆಫೀಸಿನ ಬಟ್ಟೆ ಹಾಕಿಕೊಂಡು, ಹೊರಡದೆ, ಅದೇ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಲ್ಲಿ ಕ್ಯಾಂಟೀನಿನ ಅಡಿಗೆಯವನು ಬುಟ್ಟಿ ಹಿಡಿದು ಬಂದು ನಿಂತ. ಸೂಜಿ ಅಕ್ಕ ಒಳಗಿನಿಂದ ಬಂದು ಅವನನ್ನು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು.

"ಮೊಲ ಇಲ್ಲ, ಹೋಗು," ಎಂದರು ಮೂಗಣ್ಣ, ಅವನ ಕಡೆ ತಿರುಗದೆ.

ಅವನು ಇಳಿದು ಹೋದ. ನಾನು ಕುರ್ಚಿಗಳನ್ನು ಮಡಚುವ ನೆಪದಲ್ಲಿ ಗೋಡೆಗೆ ಅಂಟಿಕೊಂಡೆ. ಅವಳು ಬಾಲ್ಕನಿಯಲ್ಲಿ ಕೂತು, ಉಜ್ಜಿ ತೊಳೆದ ಟ್ರೇಗೆ ಕಾಗದದ ಗುಳಿಗೆ ಸುರಿಯತೊಡಗಿದಳು. ಗುಂಡ ಪಕ್ಕದಲ್ಲಿ ಕಾಯುತ್ತಿದ್ದ.

"ನಿಂಗೆ ಯಾವಾಗ ಗೊತ್ತಾಯ್ತು?" ಅಣ್ಣ ಕೇಳಿದರು.

"ಬಿಳಿಯನ್ನ ಹೂತ ದಿನ."

ಮೂಗಣ್ಣ ಬಗ್ಗಿ ಬೂಟಿನ ದಾರ ಬಿಚ್ಚಿದರು. ಆಮೇಲೆ, ಅವರ ಬಾಯಲ್ಲಿ ನಾನೆಂದೂ ಕೇಳದ ಸಣ್ಣ ದನಿಯಲ್ಲಿ, "ನಂಗೊಬ್ಬನಿಗೇ ಹೇಳಬಹುದಿತ್ತಲ್ಲೇ. ಮೊಲ ಇಟ್ಕೊಳಕ್ಕೆ ಅಷ್ಟು ಸಾಕಿತ್ತು" ಎಂದರು.

ಸೂಜಿ ಅಕ್ಕ ಗುಳಿಗೆಗಳನ್ನು ಅಂಗೈಯಿಂದ ಸಮ ಮಾಡಿ, ಮೇಲೆ ಹುಲ್ಲು ಹರಡಿದಳು.

"ಸಾಕಿತ್ತು, ಅಣ್ಣ," ಎಂದಳು.