ಮೋತಾಜಖಾನೆಯ ದೊಡ್ಡಾಯಿ

ದೊಡ್ಡಾಯಿಯ ಬಲ ಮೊಣಕೈ ಯಾವಾಗಲೂ ಒದ್ದೆ. ಕುಪ್ಪಸದ ತೋಳು ಸರಿಸಿ, ಹಂಡೆಯಿಂದ ತೋಡಿದ ನೀರಿಗೆ ಮೊದಲು ಮೊಣಕೈ ಅದ್ದಿ ಬಿಸಿ ನೋಡಿಯೇ ಆಕೆ ಯಾರಿಗಾದರೂ ಮೈ ತೊಳೆಯುತ್ತಿದ್ದದ್ದು. ನಿಜಾಮರ ಕಾಲ. ಲಿಂಗಸುಗೂರಿನಲ್ಲಿ ಸಾಹುಕಾರರೊಬ್ಬರು ದಿಕ್ಕಿಲ್ಲದ ಮುದುಕರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಊರವರು ಅದನ್ನು ಮೋತಾಜಖಾನೆ ಅನ್ನುತ್ತಿದ್ದರು. ಅಲ್ಲಿದ್ದವರಿಗೆಲ್ಲ ಮೈ ತೊಳೆಯಲು, ಉಣಿಸಲು, ಹೊರಳಿಸಿ ಮಲಗಿಸಲು ನಾವಿಬ್ಬರೇ.

ನಾನು ಪಾಮನಕಲ್ಲೂರಿನವಳು. ಗಂಡ ಸತ್ತಿದ್ದ, ಅಣ್ಣ ಮನೆಯಿಂದ ಹೊರಗೆ ಹಾಕಿದ್ದ. ಈ ಕೆಲಸ ಬಿಟ್ಟರೆ ನನಗೆ ನೆಲೆಯೇ ಇರಲಿಲ್ಲ. ಆದರೂ ನಾಲಿಗೆ ಉದ್ದ. "ನಿಮಗ ಅಂಗೈ ಇಲ್ಲೇನ್ರಿ ಆಯಿ?" ಅಂದಿದ್ದೆ ಒಮ್ಮೆ.

"ಸುಡೋ ರೊಟ್ಟಿ ತಿರುವಿ ತಿರುವಿ ನಮ್ಮ ಅಂಗೈ ಜಡ್ಡುಗಟ್ಯಾವ. ಅವನ್ನ ನಂಬಬ್ಯಾಡ," ಅಂದಳು.

ನಾನು ಅಂಗೈಯನ್ನೇ ನಂಬಿದೆ. ಒಂದು ಬೆಳಿಗ್ಗೆ ಅವಸರದಲ್ಲಿ ನೀರಿಗೆ ಅಂಗೈ ಅದ್ದಿದೆ, ಬೆಚ್ಚಗಷ್ಟೇ ಅನ್ನಿಸಿತು. ಮಸ್ಕಿಯ ತಾತನ ತೊಡೆಯ ಮೇಲೆ ಸುರಿದೆ. ಲಕ್ವ ಹೊಡೆದು ಮಾತು ಹೋದ ಮನುಷ್ಯ. ಬಾಯಿ ತೆರೆಯಿತು, ಕೂಗು ಬರಲಿಲ್ಲ. ಚರ್ಮದ ಮೇಲೆ ಬೊಬ್ಬೆ ಏಳುವುದನ್ನು ನೋಡಿ ಆಯಿಯನ್ನು ಕೂಗಿದೆ.

ದೊಡ್ಡಾಯಿ ಓಡಿ ಬಂದು ತಣ್ಣೀರು ಸುರಿದಳು, ಸುಣ್ಣದ ತಿಳಿಗೆ ಎಣ್ಣೆ ಕಲಸಿ ಹಚ್ಚಿದಳು. ನಾನು ಆಕೆಯ ಕಾಲು ಹಿಡಿದೆ. "ಮುನ್ಷಿ ಸಾಹೇಬರಿಗೆ ಹೇಳಬ್ಯಾಡ್ರಿ ಆಯಿ. ತಾತಗ ಮಾತಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ."

"ಆತಗ ಮಾತಿಲ್ಲಂತ ನೀ ಬಾಯಿ ಮುಚ್ಕೊಂತೀಯೇನು?"

ಮಧ್ಯಾಹ್ನ ಮನೆಯ ಉಸ್ತುವಾರಿ ನೋಡುವ ಮುನ್ಷಿ ಬಂದ. ಸುಟ್ಟ ತೊಡೆ ನೋಡಿದ. "ಯಾರು ಮಾಡಿದ್ದು?"

"ಈಕಿ ಮಾಡ್ಯಾಳ್ರಿ," ಅಂತ ದೊಡ್ಡಾಯಿ ನೇರವಾಗಿ ನನ್ನತ್ತ ಬೊಟ್ಟು ಮಾಡಿದಳು. ಈ ಮುದುಕಿಯ ಬಾಯಲ್ಲಿ ಹುಳ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

"ಗಂಟುಮೂಟೆ ಕಟ್ಟು," ಅಂದ ಮುನ್ಷಿ.

"ತಡೀರಿ," ಅಂದಳು ದೊಡ್ಡಾಯಿ. "ಸುಟ್ಟಿದ್ದು ತಾತನ ಮೈ. ಆತನ್ನ ಕೇಳೋಣ. ಈಕಿ ಕೈಲೆ ಗಂಜಿ ಕುಡಿದ್ರ ಇರ್ಲಿ. ಕುಡೀಲಿಲ್ಲಂದ್ರ ನಾನೇ ಹೊರಗ ಹಾಕ್ತೀನಿ."

ಆಕೆಯಿಲ್ಲದೆ ಆ ಮನೆ ಒಂದು ದಿನ ನಡೆಯದೆಂದು ಮುನ್ಷಿಗೆ ಗೊತ್ತಿತ್ತು. ಸಂಜೆವರೆಗೆ ಗಡುವು ಕೊಟ್ಟು ಅಂಗಳದಲ್ಲೇ ಕೂತ.

ಬಟ್ಟಲು ಹಿಡಿದು ಹೋದೆ. ತಾತ ಗೋಡೆಯತ್ತ ಮುಖ ತಿರುಗಿಸಿದ. ಮತ್ತೆ ಹೋದೆ. ಹಲ್ಲು ಕಚ್ಚಿದ. ದೊಡ್ಡಾಯಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹೊತ್ತು ಇಳಿಯುತ್ತಿತ್ತು. ಕೊನೆಗೆ ಬಟ್ಟಲು ಕೆಳಗಿಟ್ಟು, ಗೋಡೆಗೂ ಅವನಿಗೂ ನಡುವೆ ಹೋಗಿ ಕೂತೆ.

"ತಪ್ಪು ನಂದೇ ತಾತ. ಆಯಿ ಹೇಳಿದ್ದು ಕೇಳಲಿಲ್ಲ. ನಿನಗ ಮಾತಿಲ್ಲಂತ ಮುಚ್ಚಿಡಾಕ ನೋಡಿದೆ."

ಹೇಳುತ್ತಲೇ ಅಳು ಬಂತು. ಅವನು ನನ್ನನ್ನೇ ನೋಡಿದ. ಬಟ್ಟಲೆತ್ತಿ ಬಾಯಿಗೆ ಹಿಡಿದೆ, ಒಂದು ಗುಟುಕು ಕುಡಿದ. ಒಂದೇ. ಮುನ್ಷಿ ಎದ್ದು ಹೋದ.

ಹುಣ್ಣು ಮಾಯುವವರೆಗೆ ದಿನಾ ನಾನೇ ಎಣ್ಣೆ ಹಚ್ಚಿದೆ. ದೊಡ್ಡಾಯಿ ಅಂದು ನನ್ನ ತಪ್ಪು ಮುಚ್ಚಿಟ್ಟಿದ್ದರೆ ತಾತನ ಮೈ ಮುಟ್ಟುವ ಧೈರ್ಯ ನನಗೆ ಮತ್ತೆ ಬರುತ್ತಿರಲಿಲ್ಲ. ಐದಾರು ವರ್ಷಕ್ಕೆ ಆಕೆ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನಾನೇ ಜೊತೆಗಿದ್ದೆ. ಶಪಿಸಿದ್ದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಲಿಲ್ಲ.