ಸೀಸದ ಅಚ್ಚು, ಸಕ್ಕರೆಯ ಅಚ್ಚು

ಮೂಲೆಯಂಗಡಿಯಲ್ಲಿ ಫೋನ್ ಕಾರ್ಡ್ ಕೊಂಡು ಮೈಸೂರಿಗೆ ಮಾತಾಡುತ್ತಿದ್ದ ಕಾಲವದು. ಕಡಲಾಚೆಯ ಪಾಮರ್ಸ್ಟನ್ ನಾರ್ತ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕರ ಬಳಿ ಅವರ ಮುತ್ತಾತನ ಪಿಸ್ತೂಲೊಂದಿತ್ತು. ಅದಕ್ಕೆ ಹೊಂದುವ ತೋಟಾ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಟೈರ್ ಅಂಗಡಿಯಿಂದ ತಂದ, ಚಕ್ರದ ತೂಕ ಸರಿದೂಗಿಸುವ ಸೀಸದ ತುಂಡುಗಳನ್ನು ಶೆಡ್ಡಿನಲ್ಲಿ ಕರಗಿಸಿ, ತಾವೇ ಗುಂಡು ಎರಕ ಹೊಯ್ದು, ಹಳೆಯ ಹಿತ್ತಾಳೆ ಕವಚಗಳಿಗೆ ಮದ್ದು ತುಂಬಿ, ಭಾನುವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿ ಗುರಿ ಹೊಡೆದು ಬರುತ್ತಿದ್ದರು. ಒಂದು ಕಾಗದಕ್ಕೆ ತೂತು ಮಾಡಲು ಇಷ್ಟೆಲ್ಲ ಪಾಡೇ ಎಂದು ನಾನು ಛೇಡಿಸಿದರೆ ನಗುತ್ತಿದ್ದರು.

ಸೀಸ ಹೊಯ್ಯುವಾಗ ಗುಂಡಿನ ಅಚ್ಚು ಹಿಡಿಯುವುದು ಅವರ ಹೆಂಡತಿಯ ಕೆಲಸವಾಗಿತ್ತಂತೆ. ಆಕೆ ತೀರಿಕೊಂಡ ಮೇಲೆ ಸಂಧಿವಾತದ ಎಡಗೈಯಲ್ಲಿ ಅವರಿಗೆ ಅಚ್ಚು ನಿಲ್ಲುತ್ತಿರಲಿಲ್ಲ. ನಾನು ಹಿಡಿಯುತ್ತೇನೆ ಎಂದೆ. ಆ ಕೆಲಸದಲ್ಲಿ ನನ್ನದು ಪಳಗಿದ ಕೈ. ಮೈಸೂರಿನಲ್ಲಿ ಪ್ರತಿ ಸಂಕ್ರಾಂತಿಗೆ ಅಮ್ಮ ಸಕ್ಕರೆ ಪಾಕ ಹೊಯ್ಯುವಾಗ ಮರದ ಅಚ್ಚು ಹಿಡಿಯುತ್ತಿದ್ದವಳು ನಾನೇ.

ಆ ಪಳಗಿದ ಕೈಯೇ ಎಡವಟ್ಟು ಮಾಡಿತು. ಸಕ್ಕರೆ ಅಚ್ಚಿನ ಮರವನ್ನು ನೀರಲ್ಲಿ ನೆನೆಸದಿದ್ದರೆ ಒಳಗಿನ ಗೊಂಬೆ ಬಿಟ್ಟುಕೊಳ್ಳುವುದಿಲ್ಲ. ಅವರು ಕಬ್ಬಿಣದ ಅಚ್ಚನ್ನು ಕೈಗೆ ಕೊಟ್ಟದ್ದೇ ತಡ, ಬಾಗಿಲ ಬಳಿಯಿದ್ದ ಬಕೆಟ್ಟಿನಲ್ಲಿ ಅದ್ದಿಬಿಟ್ಟೆ.

"ಇಡು ಅದನ್ನ ಕೆಳಗೆ" ಎಂದು ಗದರಿದರು. "ಒಂದು ಹನಿ ನೀರಿದ್ರೂ ಕಾದ ಸೀಸ ಸಿಡಿದು ಮುಖಕ್ಕೆ ಹಾರುತ್ತೆ. ಯಾರು ಹೇಳಿಕೊಟ್ಟರು ನಿನಗೆ?"

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ನಮ್ಮಮ್ಮ" ಎಂದು ತಿರುಗಿ ಹೇಳಿದೆ. ಹೇಳಿ ಕಣ್ಣೊರೆಸಿಕೊಂಡೆ. ಅಮ್ಮ ಹೋಗಿ ಆಗಷ್ಟೇ ವರ್ಷ ಕಳೆದಿತ್ತು.

ಅವರು ಒಲೆ ಆರಿಸಿ, ಟೀ ಮಾಡಿ ತಂದು ಎದುರಿಗೆ ಕೂತರು. ಎಲ್ಲ ಹೇಳಿಕೊಂಡೆ. ವರ್ಷಾಬ್ದಿಕ ಮುಗಿಸಿ ಹೊರಟಾಗ ಅತ್ತಿಗೆ ಅಮ್ಮನ ಅಚ್ಚುಗಳನ್ನು ಅವಳದೇ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದರು. ಗಿಣಿ, ಆನೆ, ತುಳಸಿಕಟ್ಟೆ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅವನ್ನು ದೀಪಕ್ಕೆ ಹಿಡಿದು, ಹುಳು ಕೊರೆದ ತೂತುಗಳನ್ನು ತೋರಿಸಿ, ಮರ್ಯಾದೆಯಿಂದಲೇ ತೆಗೆದಿಟ್ಟುಕೊಂಡ. ಮರದ ಹುಳು ದೇಶದೊಳಗೆ ಬರಬಾರದೆಂದು ಸುಡುತ್ತಾರಂತೆ. ಅವನ ತಪ್ಪೇನೂ ಇಲ್ಲ, ಆದರೂ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದೆ. ಬರುವ ಸಂಕ್ರಾಂತಿಗೆ ಅಮ್ಮ ಮಾಡುತ್ತಿದ್ದಂಥ ಒಂದೇ ಒಂದು ಸಕ್ಕರೆ ಅಚ್ಚು ನಾಲಿಗೆಯ ಮೇಲೆ ಕರಗಬೇಕೆಂದು ಜೀವ ಹಾತೊರೆಯುತ್ತಿತ್ತು.

"ಸಕ್ಕರೆ ಪಾಕಾನ ಇದರಲ್ಲೇ ಹೊಯ್ಯೋಣವಾ?" ಎಂದು ಕಬ್ಬಿಣದ ಅಚ್ಚು ತೋರಿಸಿದೆ.

"ಸೀಸ ವಿಷ" ಎಂದು ಅದನ್ನು ಕೈಯಿಂದ ಕಿತ್ತುಕೊಂಡರು.

ಆಮೇಲೆ ಎಷ್ಟೋ ಶನಿವಾರ ನಾನು ಹಿಡಿದೆ, ಅವರು ಹೊಯ್ದರು. ಅಚ್ಚು ಕಾಯುವ ತನಕ ಬಂದ ಗುಂಡುಗಳೆಲ್ಲ ಸುಕ್ಕು ಸುಕ್ಕು. ಅವನ್ನು ಮತ್ತೆ ಪಾತ್ರೆಗೆ ಹಾಕುತ್ತಿದ್ದರು. ಒಮ್ಮೊಮ್ಮೆ ಮರೆತು ನನ್ನನ್ನು ಹೆಂಡತಿಯ ಹೆಸರಿನಿಂದ ಕರೆಯುತ್ತಿದ್ದರು. ನಾನು ಓಗೊಡುತ್ತಿದ್ದೆ.

ಸಂಕ್ರಾಂತಿಯ ಬೆಳಿಗ್ಗೆ, ಆ ದೇಶದಲ್ಲಿ ಬೇಸಿಗೆಯಾದ ಜನವರಿಯ ಸುಡುಬಿಸಿಲಿನಲ್ಲಿ, ಹೊಸ ಮರದ ಎರಡು ಹೋಳು ಹಿಡಿದು ಬಾಗಿಲಿಗೆ ಬಂದರು. ಸೀಸ ಮುಟ್ಟದ ಉಳಿಯಲ್ಲೇ ಕೆತ್ತಿದ್ದಾಗಿ ಮೊದಲೇ ಹೇಳಿಬಿಟ್ಟರು. "ಗಿಣಿ ಕೆತ್ತೋಕೆ ಹೋದೆ, ಬಾತುಕೋಳಿ ಆಯ್ತು."

ಬಾತುಕೋಳಿಯೂ ಆಗಿರಲಿಲ್ಲ. ನಗು, ಅಳು ಎರಡೂ ಬಂದವು. ಅಚ್ಚನ್ನು ನೆನೆಸಿಟ್ಟು, ಸಕ್ಕರೆಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ಅವರು ಹೋಳುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತರು.

ಪಾಕ ಕುದಿದು ನೊರೆಯೆದ್ದಿತು. ಅಮ್ಮ ಹೀಗೇ ತಿರುವುತ್ತಾ ತಿರುವುತ್ತಾ ಇದ್ದಕ್ಕಿದ್ದಂತೆ, "ಗಟ್ಟಿಯಾಗಿ ಹಿಡ್ಕೊಳೇ, ಹುಯ್ತೀನಿ" ಅನ್ನುತ್ತಿದ್ದಳು. ಆ ಗಳಿಗೆಯಲ್ಲಿ ಪಾತ್ರೆಯೊಳಗೆ ಅವಳಿಗೆ ಏನು ಕಾಣುತ್ತಿತ್ತು? ಅಷ್ಟು ವರ್ಷ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆ, ಕಣ್ಣು ಮಾತ್ರ ಅಚ್ಚಿನ ಮೇಲೇ ಇತ್ತು. ಪಾಕವನ್ನು ಒಮ್ಮೆಯೂ ನೋಡಿರಲಿಲ್ಲ.

"ಈಗ್ಲಾ?" ಎಂದು ಅವರು ಅಚ್ಚಿನಿಂದ ಕಣ್ಣು ತೆಗೆಯದೆ ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿದ್ದವಳನ್ನು ಕೇಳುವಂತಿರಲಿಲ್ಲ. ಪಾಕ ಪಾತ್ರೆಯಲ್ಲೇ ಗಟ್ಟಿಯಾಗತೊಡಗಿತು.